ಭೋಂಗಾದ ಪದ

ಜುಲೈ ೨೮, ಸೋಮವಾರ

ಇದು ನನ್ನ ಒಂಬತ್ತನೇ ಕ್ಲಾಸಿನ ವಿಜ್ಞಾನದ ನೋಟುಬುಕ್ಕು. ಮೊದಲ ಹನ್ನೊಂದು ಪುಟದಲ್ಲಿ ಕಪ್ಪೆಯ ಹೊಟ್ಟೆ, ದಾಸವಾಳದ ಎಸಳು ಇವೆ. ಆಮೇಲೆ ನಾನು ಶಾಲೆ ಬಿಟ್ಟೆ, ಉಳಿದ ಪುಟ ಖಾಲಿ ಉಳಿದವು. ಇಷ್ಟು ದಿನ ಅವುಗಳಲ್ಲಿ ಪದ ಮಾತ್ರ ಬರೆಯುತ್ತಿದ್ದೆ. ಇವತ್ತು ಬೈಗುಳ ಬರೆಯುತ್ತೇನೆ. ಬಾಯಿಬಿಟ್ಟು ಬೈದರೆ ಅವ್ವ ಹೆದರುತ್ತಾಳೆ.

ಕಳ್ಳ. ಹಣಮಂತರಾಯ ಕಳ್ಳ.

ಇವತ್ತು ಶ್ರಾವಣದ ಮೊದಲ ಸೋಮವಾರ. ಕಮಲಾಪುರದ ಈಶ್ವರ ಗುಡಿಯಲ್ಲಿ ಭಜನೆ. ಮೈಕ್ ಸೆಟ್ ನಮ್ಮದು, ಅಂದರೆ ಕಲಬುರಗಿ ಮೋಮಿನಪುರದ ಅಕ್ರಮ್ ಭಾಯ್‌ದು. ಐದು ವರ್ಷದಿಂದ ಅವರ ಹತ್ತಿರ ಇದ್ದೇನೆ. ಕಂಬ ಹತ್ತಿ ಲೌಡ್‌ಸ್ಪೀಕರಿನ ಭೋಂಗಾ ಕಟ್ಟುವುದು, ವೈರು ಎಳೆಯುವುದು, ಮಷಿನ್ ಮುಂದೆ ಕೂತು ಸೌಂಡು ಹಿಡಿಯುವುದು ನನ್ನ ಕೆಲಸ.

ಮಧ್ಯಾಹ್ನ ಬೇವಿನ ಮರದ ಪಕ್ಕದ ಕಂಬದ ಮೇಲಿದ್ದೆ. ಎರಡನೇ ಭೋಂಗಾ ಗಾಳಿಗೆ ತಿರುಗಿತ್ತು. ತಂತಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಎರಡೂ ಕೈಯಿಂದ ಅದನ್ನು ತಿರುಗಿಸುತ್ತಿದ್ದೆ. ಕಿವಿಯಿಂದ ಒಂದು ಗೇಣು ದೂರದಲ್ಲಿ ಹಣಮಂತರಾಯನ ದನಿಯಲ್ಲಿ ನನ್ನದೇ ಪದ ಶುರುವಾಯಿತು.

ಭೋಂಗಾ ಆದೆನಲ್ಲೋ ಅಣ್ಣಾ, ಕಂಬಕ ಕಟ್ಟಿದ ಭೋಂಗಾ
ಬಾಯಿ ನಂದು, ಮಾತು ನಿಂದು, ಒಳಗ ಖಾಲಿ ಸುರಂಗಾ
ಕಳಸಕಿಂತ ಮ್ಯಾಲ ಕುಂತೆ, ಗರ್ಭದೊಳಗ ಬರಲಿಲ್ಲ
ಊರಿಗೆಲ್ಲ ಕೇಳಿಸಿದೆ, ನನಗ ನಾನೇ ಕೇಳಲಿಲ್ಲ

ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ. ಕಮಲಾಪುರದ ತುಂಬ ನನ್ನ ಪದ. ಕೆಳಗೆ ಹೆಂಗಸರು ತಲೆದೂಗುತ್ತಿದ್ದರು. ತಂತಿ ಹಲ್ಲಲ್ಲೇ ಇತ್ತು, ನಗಲು ಆಗಲಿಲ್ಲ. ಆಮೇಲೆ ಕೊನೆಯ ನುಡಿ ಬಂತು.

ಗಾಳಿ ಬಿಸಲಿಗೆ ತುಕ್ಕ ಹಿಡಿದು ಉದುರಿ ಹೋದರೂ ಕೊನೆಗೆ
ಗುರುಪುತ್ರ ಹಣಮಂತ ನುಡಿದ ಮಾತು ಉಳೀತು ಮಂದಿ ಕಿವಿಯೊಳಗೆ

ಪದದ ಕೊನೆಗೆ ಬರೆದವನ ಗುರುತು ಬರುತ್ತದೆ. ಅವನ ಹೆಸರು, ಇಲ್ಲವೇ ಅವನ ಗುರುವಿನ ಹೆಸರು, ಊರ ದೇವರ ಹೆಸರು. ಅದಕ್ಕೆ ಅಂಕಿತ ಅನ್ನುತ್ತಾರೆ. ನನ್ನ ಪದಕ್ಕೆ ಹಣಮಂತರಾಯನ ಅಂಕಿತ. ಕಂಬದ ಮೇಲಿಂದ ಬೀಳುವುದೊಂದು ಬಾಕಿ.

ತಪ್ಪು ನನ್ನದೂ ಇದೆ, ಅದಕ್ಕೇ ಹೊಟ್ಟೆ ಉರಿಯುವುದು. ಕಾರಹುಣ್ಣಿಮೆಯ ಹೊತ್ತಿಗೆ ಅದೇ ಗುಡಿಯಲ್ಲಿ ವೈರು ಎಳೆಯುತ್ತ ಗುನುಗುತ್ತಿದ್ದೆ. ಅವನು ಕೇಳಿ, ‘ಛಲೋ ಅದಲ್ಲೋ, ಬರದು ಕೊಡು’ ಅಂದ. ಭಜನೆ ಮೇಳದ ಹಿರಿಯ ಮಾಸ್ತರ ಕೇಳಿದನಲ್ಲ ಅಂತ ಕುಣಿಯುತ್ತ ಬರೆದುಕೊಟ್ಟೆ. ಅಂಕಿತದ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ನನ್ನ ಹೆಸರು ಬರೆಯಲು ನಾಚಿಕೆ. ದೇವರ ಹೆಸರು ಬರೆಯೋಣವೆಂದರೆ ಯಾವ ದೇವರು? ಆಮೇಲೆ ಹೇಳಿದರಾಯಿತು ಅಂತ ಗೆರೆ ಎಳೆದು ಖಾಲಿ ಬಿಟ್ಟೆ.

ಕತ್ತೆ ನಾನು.

ಜುಲೈ ೨೯, ಮಂಗಳವಾರ

ಅಕ್ರಮ್ ಭಾಯ್‌ಗೆ ಹೇಳಿದೆ. ಅವರು ಸುಟ್ಟ ಕಾಯಿಲ್ ಬಿಚ್ಚುತ್ತಿದ್ದರು, ತಲೆ ಎತ್ತಲಿಲ್ಲ.

“ಹಾಡಿದ್ರಲ್ಲ? ಔರ್ ಕ್ಯಾ ಹೋನಾ ಬೇ ತುಜೇ?”

“ನನ್ನ ಹೆಸರು ಬೇಕು ಭಾಯ್.”

“ಹೆಸರು ತಗೊಂಡು ಏನ್ ಮಾಡ್ತಿ? ಭೋಂಗಾದ ಮ್ಯಾಲ ಅಂಟಿಸ್ತಿಯೇನು?”

ಅವರಿಗೆ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಶಾಲೆಯ ಗೋಡೆಪತ್ರಿಕೆಗೆ ಒಂದು ಪದ್ಯ ಕೊಟ್ಟಿದ್ದೆ. ಕನ್ನಡ ಸರ್ ಓದಿ, ಎಲ್ಲರ ಮುಂದೆ ನಿಲ್ಲಿಸಿ, ‘ಇದು ನಿನ್ನ ತಲಿಯಿಂದ ಬರೋ ಮಾತಲ್ಲ, ಎಲ್ಲಿಂದ ಕದ್ದಿ ಹೇಳು’ ಅಂದರು. ನಾನೇ ಬರೆದೆ ಅಂದೆ. ‘ನಿಮ್ಮ ಮನ್ಯಾಗ ಯಾರು ಬರೀತಾರ?’ ಅಂದರು. ಕ್ಲಾಸು ನಕ್ಕಿತು. ಚೀಲ ತೆಗೆದುಕೊಂಡು ಹೊರಗೆ ಬಂದವನು ಮತ್ತೆ ಹೋಗಲಿಲ್ಲ.

ಆಗ ನನ್ನ ಪದ್ಯ ನನ್ನದಲ್ಲ ಅಂದರು. ಈಗ ನನ್ನ ಪದ ಅವನದು ಅನ್ನುತ್ತಾನೆ. ಎರಡನೇ ಸಲ ಚೀಲ ತೆಗೆದುಕೊಂಡು ಹೋಗುವವನಲ್ಲ ನಾನು.

ಜುಲೈ ೩೧, ಗುರುವಾರ

ಕಮಲಾಪುರಕ್ಕೆ ಹೋಗಿದ್ದೆ. ಹಣಮಂತರಾಯ ಗುಡಿಯ ಕಟ್ಟೆಯ ಮೇಲೆ ಕೂತು ಹಾರ್ಮೋನಿಯಂ ಒರೆಸುತ್ತಿದ್ದ. ಅರವತ್ತೈದರ ಮನುಷ್ಯ. ಹಣೆ ತುಂಬ ವಿಭೂತಿ, ಕಿವಿಯಲ್ಲಿ ಬೀಡಿ.

“ಬಾ ತಮ್ಮಾ. ಭೋಂಗಾ ಒಯ್ಯಾಕ ಬಂದ್ಯಾ? ಇನ್ನಾ ಮೂರು ಸೋಮವಾರ ಅವ.”

“ಭೋಂಗಾ ಅಲ್ರಿ. ನನ್ನ ಪದ ಒಯ್ಯಾಕ ಬಂದೀನಿ.”

“ಯಾವ ಪದ?”

“ಗೊತ್ತಿಲ್ಲದವ್ರಂಗ ಮಾಡಬ್ಯಾಡ್ರಿ ಮಾಸ್ತರ. ನಾ ಬರದ ಪದಕ್ಕ ನಿಮ್ಮ ಹೆಸರು ಹಚ್ಚಿ ಹಾಡೀರಿ.”

ಅವನು ಸಿಟ್ಟಾಗಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತಂದಿತು.

“ಹೌದಪಾ, ಹಾಡೀನಿ. ನೀ ಅಂಕಿತ ಖಾಲಿ ಬಿಟ್ಟಿದ್ದಿ. ಖಾಲಿ ಬಿಟ್ಟ ಪದ ಹಾಡಿದವನದು. ನಮ್ಮ ಗುರುಗಳ ಕಾಲದಿಂದ ಇದೇ ಕಾಯ್ದೆ. ಯಾವ ಮ್ಯಾಳದಾಗ ಬೇಕಾರ ಕೇಳು.”

“ಎಲ್ಲಿ ಬರದಾರ ಅದನ್ನ?”

“ಎಲ್ಲೂ ಬರದಿಲ್ಲ. ಅದಕ್ಕೇ ಯಾರೂ ಮುರಿಯಂಗಿಲ್ಲ.”

“ಹಂಗಾರ ಈಗ ತುಂಬ್ತೀನಿ. ಆನಂದಕುಮಾರ ಅಂತ ಹಾಡ್ರಿ.”

ಅವನು ನಕ್ಕ. ಮೇಲಿನ ಎರಡು ಹಲ್ಲಿಲ್ಲ. “ಆನಂದಕುಮಾರ ಅಂತ ರೇಷನ್ ಕಾರ್ಡಿನಾಗ ಇರಲಿ. ಅಂಕಿತ ಅಂದ್ರ ನಿನಗ ಕಲಿಸಿದವ್ರ ಗುರುತು. ನನಗ ನನ್ನ ಗುರುಗಳು ಹೆಗಲ ಮ್ಯಾಲ ಕೈ ಇಟ್ಟು ಗುರುಪುತ್ರ ಅಂದಾರ. ನಿನ್ನ ಗುರು ಯಾರು?”

ಕೈ ಮುಷ್ಟಿಯಾಯಿತು.

“ಹುಡುಕ್ಕೋ. ನಮ್ಮ ಮ್ಯಾಳದ ಪದಗಳ ಪುಸ್ತಕ ಅಚ್ಚಿಗೆ ಹೊಂಟದ. ಶ್ರಾವಣದ ಕಡೀ ಸೋಮವಾರ ಇಲ್ಲೇ ಬಿಡುಗಡಿ. ಅಷ್ಟರಾಗ ಗುರು ಸಿಕ್ಕರ ಬಂದು ಹೇಳು, ನಿನ್ನ ಅಂಕಿತಾನೇ ಹಾಕ್ತೀನಿ.” ಹಾರ್ಮೋನಿಯಂ ಮುಚ್ಚಿದ. “ನಿಮ್ಮಪ್ಪ ಮಾಪಣ್ಣ ಇಲ್ಲೇ ಕಟ್ಟಿ ಕೆಳಗ ನಿಂತು ತಾಳ ಹಾಕ್ತಿದ್ದ. ಛಲೋ ತಾಳ. ಒಂದಿನಾನೂ ಮ್ಯಾಲ ಬಂದವನಲ್ಲ, ಭಾಳ ಮರ್ಯಾದಸ್ತ.”

ಅಪ್ಪ ಮರ್ಯಾದಸ್ತನಾಗಿದ್ದು ಯಾಕೆ ಅಂತ ಅವನಿಗೆ ಗೊತ್ತು, ನನಗೂ ಗೊತ್ತು. ಸತ್ತು ಮೂರು ವರ್ಷವಾಯಿತು. ಇನ್ನೂ ಕಟ್ಟೆ ಕೆಳಗೇ ನಿಂತಿದ್ದಾನೆ.

ಹೊರಟಾಗ ಹಿಂದಿನಿಂದ ಕೂಗಿದ. “ಆ ನುಡಿ ಹ್ಯಾಂಗ ಹೊಳೀತೋ ತಮ್ಮಾ? ಗರ್ಭದೊಳಗ ಬರಲಿಲ್ಲ ಅಂತ. ಏನ್ ಭಕ್ತಿ! ಹಾಡೋ ಮುಂದ ನನ್ನ ಕಣ್ಣಾಗ ನೀರು ಬಂತು.”

ಭಕ್ತಿಯಂತೆ! ಉಗಿದು ಬರೆದದ್ದನ್ನು ತೀರ್ಥ ಅಂತ ಕುಡಿದಿದ್ದಾನೆ.

ಬಸ್ಸಿನಲ್ಲಿ ಒಂದು ಉಪಾಯ ಹೊಳೆಯಿತು. ಕಡೀ ಸೋಮವಾರ ಮಷಿನ್ ಮುಂದೆ ಕೂರುವವನು ನಾನೇ. ಅವನು ‘ಗುರುಪುತ್ರ’ ಅನ್ನಲು ಬಾಯಿ ತೆರೆದ ಕೂಡಲೇ ಮೈಕ್ ಬಂದ್. ಸಾವಿರ ಜನರ ಮುಂದೆ ಮೀನಿನ ಹಾಗೆ ಬಾಯಿ ಬಡಿಯಲಿ.

ಆಗಸ್ಟ್ ೧, ಶುಕ್ರವಾರ

ಬೆಳಿಗ್ಗೆ ಮೋಮಿನಪುರದ ಸಣ್ಣ ಮಸೀದಿಗೆ ಹೋದೆ. ಮಷಿನ್ ಗುಂಯ್ ಅನ್ನುತ್ತಿತ್ತು. ಜುಮ್ಮಾ ನಮಾಜಿಗೆ ಮುಂಚೆ ಸರಿಯಾಗಬೇಕಿತ್ತು.

ಒಳಗೆ ಏನೂ ಇಲ್ಲ. ಮೊದಲ ಸಲ ಹೋದಾಗಲೂ ಹಾಗೇ ಅನ್ನಿಸಿತ್ತು. ಗುಡಿಯಲ್ಲಿ ಕಣ್ಣಿಗೆ ಕೆಲಸ ಜಾಸ್ತಿ. ದೀಪ, ಹೂವು, ಗಂಟೆ, ಮಂದಿ. ಇಲ್ಲಿ ಗೋಡೆ, ಚಾಪೆ, ಗಡಿಯಾರ. ಸೌಂಡೂ ಹಾಗೇ ಬೇರೆ. ಗುಡಿಗೆ ಎಲ್ಲ ಫುಲ್ ಬೇಕು, ತಾಳ ಒಡೆದರೂ ನಡೆಯುತ್ತದೆ. ಮಸೀದಿಗೆ ಬೇಸ್ ಸೊನ್ನೆ, ಎಕೋ ಎರಡು. ಅದಕ್ಕಿಂತ ಒಂದು ಗೆರೆ ಹೆಚ್ಚಾದರೂ ಅಜಾನ್ ಕೂಗುವ ಮುದುಕರು ಬೈಯುತ್ತಾರೆ.

ಹೊಸ ವೈರು ಹಾಕಿ ಮೂಲೆಯಲ್ಲಿ ಕೂತೆ. ಮುದುಕರು ಬಂದು ಉಗುರಿನಿಂದ ಮೈಕ್ ತಟ್ಟಿದರು. ಟಕ್. ಹೊರಗೆ ಮಿನಾರದ ಮೇಲೆ ನಾಲ್ಕು ಭೋಂಗಾ ಟಕ್ ಅಂದವು. ಆಮೇಲೆ ಅವರು ಉಸಿರೆಳೆದರು. ಆ ಉಸಿರೂ ಭೋಂಗಾದಲ್ಲಿ ಬಂತು. ಕೂಗುವ ಮುಂಚಿನ ಉಸಿರು ಇಡೀ ಮೋಮಿನಪುರಕ್ಕೆ ಕೇಳಿತು. ತಾಳ ಇಲ್ಲ, ಹಾರ್ಮೋನಿಯಂ ಇಲ್ಲ, ಹಿಮ್ಮೇಳ ಇಲ್ಲ. ಒಬ್ಬನೇ ಮನುಷ್ಯ, ಒಂದು ಗಂಟಲು. ಒಂದು ಸಾಲು ಕೂಗಿ ಸುಮ್ಮನಾಗುತ್ತಾರೆ. ಆ ಸುಮ್ಮನಿರುವುದೂ ಸಾಲಿನಷ್ಟೇ ಉದ್ದ.

ನನ್ನ ಪದದಲ್ಲಿ ಉಸಿರಿಗೆ ಜಾಗವೇ ಇಲ್ಲ. ಬರೀ ತುರುಕಿದ್ದೇನೆ.

ಬರೆದದ್ದು:

ಉಸಿರ ಹಿಡಿದು ಕರೆದ ಒಬ್ಬ, ತಾಳ ಇಲ್ಲ ತಂತಿ ಇಲ್ಲ
ಕರೆದ ಮ್ಯಾಲ ಸುಮ್ಮನಾದ, ಸುಮ್ಮನಾದದ್ದು ಕೇಳಿತಲ್ಲ

ಆದರೆ ಹಣಮಂತರಾಯನನ್ನು ಬಿಡುವುದಿಲ್ಲ.

ಆಗಸ್ಟ್ ೪, ಸೋಮವಾರ

ಎರಡನೇ ಸೋಮವಾರ. ಮತ್ತೆ ಹಾಡಿದ. ಮತ್ತೆ ಗುರುಪುತ್ರ. ಸೌಂಡು ಏರಿಸಿ ಇಳಿಸುವ ನಾಬಿನ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದೆ. ‘ಕೊನೆಗೆ’ ಅಂದ ಮೇಲೆ ಎರಡು ತಾಳ ಬಿಟ್ಟು ಹೆಸರು ಬರುತ್ತದೆ.

ಆಗಸ್ಟ್ ೧೦, ಭಾನುವಾರ

ಸಂಘಮಿತ್ರಾ ಅಕ್ಕ ಫೋನ್ ಮಾಡಿ, ‘ವಿಹಾರದಾಗ ಸ್ಪೀಕರ್ ಕೆಟ್ಟದ, ಬಾ’ ಅಂದಳು. ಅವಳು ದೊಡ್ಡಪ್ಪನ ಮಗಳು. ಭಾನುವಾರ ಕಲಬುರಗಿಯ ವಿಹಾರದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ.

ಹೋಗಿ ಸ್ಪೀಕರ್ ಬಿಚ್ಚಿದೆ. ಒಳಗೆ ಹಲ್ಲಿ ಸತ್ತಿತ್ತು. ಸರಿಮಾಡಿ ‘ಹಲೋ’ ಅಂದೆ. ಅಕ್ಕ ಬಂದು ಪ್ಲಗ್ಗನ್ನೇ ಕಿತ್ತಳು.

“ಈಗ ಬ್ಯಾಡ. ಈಗ ಧ್ಯಾನ. ನೀನೂ ಕುಂದ್ರು.”

“ನನಗ ಬರಲ್ಲ.”

“ಬರೂದೇನದ ಅದರಾಗ? ಸುಮ್ಮ ಕುಂದ್ರು. ನಿನಗ ಅದೇ ಬರಲ್ಲ ಅಂತ ಗೊತ್ತದ.”

ಫ್ಯಾನೂ ಬಂದ್ ಮಾಡಿದರು. ಮೂವತ್ತು ಮಂದಿ. ಬುದ್ಧನ ಮೂರ್ತಿ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ. ಯಾರೂ ಏನೂ ಕೇಳುವುದಿಲ್ಲ, ಯಾರೂ ಏನೂ ಹೇಳುವುದಿಲ್ಲ. ಐದು ವರ್ಷದಲ್ಲಿ ಸೌಂಡಿನವನಿಗೆ ಕೆಲಸವೇ ಇಲ್ಲದ ಜಾಗ ನೋಡಿದ್ದು ಇದೇ ಮೊದಲು. ಎರಡು ನಿಮಿಷಕ್ಕೆ ಎದ್ದು ಹೋಗಬೇಕೆನ್ನಿಸಿತು. ಮೂರನೇ ನಿಮಿಷಕ್ಕೆ ಹಣಮಂತರಾಯನ ಹಲ್ಲಿಲ್ಲದ ಬಾಯಿ ಕಂಡಿತು. ಆಮೇಲೆ ಅದೂ ಹೋಯಿತು. ಕಿವಿಯೊಳಗೆ ಒಂದು ಸಪ್ಪಳ ಶುರುವಾಯಿತು. ಪಟ್ ಪಟ್ ಪಟ, ಪಟ್ ಪಟ್ ಪಟ. ಎದೆ ಬಡಿತ ಅಂದುಕೊಂಡೆ. ಅಲ್ಲ. ಎದೆ ಹಾಗೆ ಬಡಿಯುವುದಿಲ್ಲ. ಅದು ನನ್ನ ಪದದ ತಾಳ. ಎಲ್ಲೋ ಕೇಳಿದ ತಾಳ. ಎಲ್ಲಿ ಅಂತ ನೆನಪಾಗಲಿಲ್ಲ.

ಹೊರಗೆ ಬಂದ ಮೇಲೆ ಅಕ್ಕನಿಗೆ ಎಲ್ಲ ಹೇಳಿದೆ. ಮೈಕ್ ಬಂದ್ ಮಾಡುವುದನ್ನು ಬಿಟ್ಟು.

“ಗುರು ಯಾರು ಅಂತ ಕೇಳಿದ ಅಕ್ಕ. ನನಗ ಯಾರ್ ಅದಾರ ಗುರು? ಶಾಲೀ ಸರ್ ಕಳ್ಳ ಅಂದ್ರು.”

“ನಿನಗ ತಾಳ ಯಾರು ಕಲಿಸಿದ್ರು?”

“ಯಾರೂ ಇಲ್ಲ. ತಾನಾಗೇ ಬಂದದ.”

“ತಾನಾಗೇ ಶೀತ ಬರ್ತದ. ತಾಳ ಬರಲ್ಲ.” ಮಕ್ಕಳ ಕಡೆ ಹೊರಟವಳು ತಿರುಗಿದಳು. “ಸಿಟ್ಟು ಮಾತ್ರ ನಿನಗ ಯಾರೂ ಕಲಿಸಿಲ್ಲ ನೋಡು. ಅದಕ್ಕ ನಿನ್ನ ಅಂಕಿತ ಹಾಕ್ಕೋ.”

ಎಲ್ಲರಿಗೂ ನಾನು ಚೇಷ್ಟೆಯ ವಸ್ತುವಾಗಿದ್ದೇನೆ. ಆದರೂ ಬಸ್‌ಸ್ಟಾಪಿನಲ್ಲಿ ಎರಡು ಸಾಲು ಬಂದವು:

ಯಾರೂ ನನ್ನ ಕಟ್ಟಲಿಲ್ಲ, ಯಾರೂ ನನ್ನ ಕರೀಲಿಲ್ಲ
ಸುಮ್ಮನ ಕುಂತ ಜಾಗದಾಗ ನನಗ ನಾನೇ ಕೇಳಿತಲ್ಲ

ಆಗಸ್ಟ್ ೧೨, ಮಂಗಳವಾರ

ಸಿಕ್ಕಿತು. ಮನೆಯಲ್ಲೇ ಇತ್ತು.

ಅವ್ವ ಗಾಜಿಪುರದ ಒಂದು ಖಾನಾವಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾಳೆ. ದಿನಾ ಬೆಳಿಗ್ಗೆ ಆರರಿಂದ ರೊಟ್ಟಿ ಬಡಿಯುವ ಸಪ್ಪಳ. ನಾನು ಹುಟ್ಟಿದಾಗಿನಿಂದ ಅದಕ್ಕೇ ಎಚ್ಚರಾಗುವುದು. ಇವತ್ತು ಎದ್ದು ಕೂತೆ. ಪಟ್ ಪಟ್ ಪಟ, ಪಟ್ ಪಟ್ ಪಟ. ಅದರ ಮೇಲೆ ಅವ್ವ ಮೂಗಿನಲ್ಲೇ ಏನೋ ಹಾಡುತ್ತಿದ್ದಳು. ಮಾತಿಲ್ಲ, ಬರೀ ಧಾಟಿ. ನನ್ನ ಪದದ ಧಾಟಿ, ಏರು ಇಳಿವು ಎಲ್ಲ ಅದೇ.

“ಅವ್ವಾ, ನನ್ನ ಪದ ಯಾಕ ಹಾಡಾಕತ್ತಿ?”

“ನಿನ್ನ ಪದ? ಏ ಹೋಗೋ. ಇದು ನಿನ್ನ ತೊಟ್ಟಿಲದಾಗ ಹಾಕ್ದಾಗಿಂದ ಹಾಡಾಕತ್ತೀನಿ.”

“ಎಲ್ಲಿ ಕಲ್ತಿ?”

“ಮಹಾಗಾಂವದಾಗ. ನಮ್ಮವ್ವ ಮೊಹರಮ್ಮಿನಾಗ ಅಲಾವಿ ಸುತ್ತ ಹಾಡ್ತಿದ್ದಳು. ಬೆಂಕಿ ಸುತ್ತ ಎಲ್ಲಾರೂ ಕುಣೀತಿದ್ರು, ಸಾಬರು, ಗೌಡರು, ನಮ್ಮ ಓಣಿಯವ್ರು. ಮಾತು ಮರತೀನಿ, ಧಾಟಿ ಉಳದದ.” ರೊಟ್ಟಿ ಹಂಚಿಗೆ ಹಾಕಿದಳು. ಆಮೇಲೆ ನನ್ನ ಮುಖ ನೋಡಿ ನಕ್ಕಳು. “ಅಯ್ಯ! ನೀನು ಇದಕ್ಕ ಮಾತು ಹಚ್ಚಿ ಪದ ಮಾಡೀಯೇನು? ಭಡವಾ, ಅವ್ವಗ ಹೇಳದೇ ಕೇಳದೇ ಕದ್ದೀಯಲ್ಲೋ!”

ಸುಮ್ಮನೆ ಚೇಷ್ಟೆಗೆ ಅಂದಳು. ನನಗೆ ತಲೆಗೆ ಏರಿತು. ನಾನು ಕದ್ದಿಲ್ಲ, ಕದಿಯುವವನು ನಾನಲ್ಲ ಅಂತ ಕೂಗಾಡಿ ಚಹಾದ ಲೋಟ ಒದ್ದೆ. ಅವ್ವ ಚೆಲ್ಲಿದ್ದನ್ನು ಒರೆಸಿದಳು. ಮತ್ತೆ ರೊಟ್ಟಿ ಬಡಿದಳು. ಹಾಡಲಿಲ್ಲ.

ಸಂಜೆಗೆ ಅನ್ನಿಸಿತು, ಗುರು ಸಿಕ್ಕಳಲ್ಲ. ಇನ್ನೇನು ಬೇಕು ಅವನಿಗೆ?

ಆಗಸ್ಟ್ ೧೩, ಬುಧವಾರ

ಹಣಮಂತರಾಯನಿಗೆ ಫೋನ್ ಮಾಡಿದೆ.

“ಗುರು ಸಿಕ್ಕಾರ ಮಾಸ್ತರ. ನಮ್ಮವ್ವ. ಮಹಾಗಾಂವದ ಗುಂಡಮ್ಮ. ಧಾಟಿ ಅಕಿದು, ತಾಳ ಅಕಿದು.”

“ಅವ್ವ ಎಲ್ಲರಿಗೂ ಇರ್ತಾಳ ತಮ್ಮಾ. ಗುರು ಅಂದ್ರ ಬ್ಯಾರೆ. ರೊಟ್ಟಿ ಬಡಿಯೋ ಹೆಣಮಗಳ ಹೆಸರು ಹಾಕಿ ಹಾಡಿದ್ರ ಮಂದಿ ನಗ್ತಾರ.”

“ನೀವು ಮಾತು ಕೊಟ್ಟಿದ್ರಿ.”

“ಕೊಟ್ಟಿದ್ದೆ. ಪುಸ್ತಕ ನಿನ್ನೆನೇ ಅಚ್ಚಾಗಿ ಬಂತು. ಇಪ್ಪತ್ತಮೂರನೇ ಪುಟ. ಅಚ್ಚು ಭಾಳ ಛಲೋ ಬಂದದ.”

ಫೋನ್ ಇಟ್ಟ.

ಮುಗಿಯಿತು. ಉಳಿದದ್ದು ಬಂದ್ ಮಾಡುವುದೊಂದೇ.

ಆಗಸ್ಟ್ ೧೫, ಶುಕ್ರವಾರ

ಅಕ್ರಮ್ ಭಾಯ್‌ಗೆ ಗೊತ್ತಾಯಿತು. ಅಂಗಡಿಯಲ್ಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದ ಪದ ಹಚ್ಚಿ, ‘ಗುರುಪುತ್ರ’ ಬಂದ ಕೂಡಲೇ ನಾಬ್ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಯಾವಾಗಿನಿಂದ ಬಾಗಿಲಲ್ಲಿ ನಿಂತಿದ್ದರೋ. ಒಳಗೆ ಬಂದು ಷಟರ್ ಅರ್ಧ ಎಳೆದರು. ಐದು ವರ್ಷದಲ್ಲಿ ಅವರು ನನ್ನ ಮೇಲೆ ಕೈ ಎತ್ತಿಲ್ಲ. ಇವತ್ತು ಎತ್ತುತ್ತಾರೆ ಅಂದುಕೊಂಡೆ.

ಮಷಿನ್ನಿನ ಡಬ್ಬಿಯನ್ನು ನನ್ನ ಕಡೆ ತಿರುಗಿಸಿದರು. “ಓದು. ಏನ್ ಬರದದ?”

“ಅಕ್ರಮ್ ಸೌಂಡ್ ಸರ್ವಿಸ್, ಮೋಮಿನಪುರ.”

“ಗುಡಿ ಮುಂದ ಈ ಡಬ್ಬಿ ಇರ್ತದ. ಭಜನಾ ನಡುವ ಸೌಂಡ್ ಬಂದ್ ಬಿದ್ರ ಆನಂದ್ಯಾ ಬಂದ್ ಮಾಡ್ದ ಅನ್ನಲ್ಲ ಯಾರೂ. ಅಕ್ರಮ್ ಕಾ ಸೆಟ್ ಬಂದ್ ಪಡಾ ಅಂತಾರ. ಆಮ್ಯಾಲ ಯಾರಾರ ಒಬ್ಬ ಅಂತಾನ, ಬಂದ್ ಬೀಳಲಿಲ್ಲ, ಬಂದ್ ಮಾಡ್ಯಾರ ಅಂತ. ಅದರ ಮುಂದ ಏನ್ ಆಗ್ತದ ನಾ ಹೇಳ್ಬೇಕೇನು ನಿನಗ?”

ನಿಜವಾಗಿ ಅದು ನನ್ನ ತಲೆಗೆ ಬಂದೇ ಇರಲಿಲ್ಲ.

“ನಮ್ಮ ಅಬ್ಬಾ ಆ ಗುಡಿಗೆ ಬ್ಯಾಟರಿ ಮ್ಯಾಲ ಸೆಟ್ ಹಚ್ಚಿದವ್ರು. ಕರೆಂಟ್ ಇರಲಾರ್ದ ಕಾಲದಾಗ. ಒಂದ್ ದಿನ ಬಂದ್ ಬಿದ್ದಿಲ್ಲ.” ದನಿ ಸಣ್ಣದಾಯಿತು. “ಸೋಮವಾರ ನಾ ಬ್ಯಾರೆ ಕಡಿ ಹೋಗ್ಬೇಕು, ಶಾದಿ ಅದ. ಇಲ್ಲಾಂದ್ರ ನಾನೇ ಕುಂದರ್ತಿದ್ದೆ. ಬಂದ್ ಮಾಡಲ್ಲ ಅಂತ ಹೇಳು.”

“ಬಂದ್ ಮಾಡಲ್ಲ.”

“ನಿಮ್ಮವ್ವನ ಆಣಿ ಮಾಡು.”

ಮಾಡಿದೆ.

ಅವನು ನನ್ನ ಪದಕ್ಕೆ ತನ್ನ ಹೆಸರು ಹಚ್ಚಿದ. ನಾನು ನನ್ನ ಸಿಟ್ಟಿಗೆ ಅಕ್ರಮ್ ಭಾಯ್ ಹೆಸರು ಹಚ್ಚಲು ಹೊರಟಿದ್ದೆ. ಥೂ.

ಆದರೆ ಸುಮ್ಮನೆ ಕೂರುವುದು ಹೇಗೆ? ಕೂತು ಕೇಳುವುದು ಹೇಗೆ?

ಆಗಸ್ಟ್ ೧೭, ಭಾನುವಾರ

ಮಷಿನ್ ಮನೆಗೆ ತಂದಿದ್ದೇನೆ. ನಾಳೆ ಬೆಳಿಗ್ಗೆ ಇಲ್ಲಿಂದಲೇ ಟೆಂಪೋದಲ್ಲಿ ಕಮಲಾಪುರಕ್ಕೆ ಒಯ್ಯಬೇಕು.

ಮಷಿನ್ನಿಗೆ ಎರಡು ಮೈಕ್. ಒಂದು ಹಾಡುವವನಿಗೆ. ಇನ್ನೊಂದು ನನ್ನ ಹತ್ತಿರ, ಹಲೋ ಹಲೋ ಅಂತ ಟೆಸ್ಟ್ ಮಾಡಲು. ಒಂದರ ನಾಬ್ ಎಡಗೈಗೆ, ಎರಡರ ನಾಬ್ ಬಲಗೈಗೆ. ಒಂದು ಇಳಿಯಬೇಕು, ಅದೇ ಹೊತ್ತಿಗೆ ಇನ್ನೊಂದು ಏರಬೇಕು. ಎರಡು ತಾಳದ ನಡುವೆ. ಹೆಸರು ಮುಗಿದ ಕೂಡಲೇ ಮತ್ತೆ ಮೊದಲಿನಂತೆ.

ಬಂದ್ ಆಗುವುದಿಲ್ಲ. ಒಂದು ಕ್ಷಣವೂ ಭೋಂಗಾ ಸುಮ್ಮನಾಗುವುದಿಲ್ಲ. ಆಣೆ ಮುರಿಯುವುದಿಲ್ಲ.

ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಕರೆಂಟಿಲ್ಲದ ಮಷಿನ್ ಮೇಲೆ ಕೈ ಆಡಿಸಿದೆ. ಮೂವತ್ತು ರೊಟ್ಟಿ. ಮೊದಲ ಹತ್ತರಲ್ಲಿ ಎಲ್ಲ ತಪ್ಪಿತು.

“ಏನ್ ಮಾಡಾಕತ್ತೀಯೋ?”

“ಕೆಲಸ. ನೀ ಬಡಿ. ಜೋರಾಗಿ ಬಡಿ.”

“ರೊಟ್ಟಿ ಹರೀತದೋ ಹುಚ್ಚಾ.”

ಕೊನೆಯ ಹತ್ತರಲ್ಲಿ ಒಂದೂ ತಪ್ಪಲಿಲ್ಲ. ‘ನಾಳೆ ಕಮಲಾಪುರಕ್ಕೆ ಬಾ’ ಅಂದೆ. ‘ನಾ ಬಂದು ಏನ್ ಮಾಡ್ಲಿ’ ಅಂದಳು. ‘ಲೋಟ ಒದ್ದೆನಲ್ಲ, ಅದಕ್ಕೆ’ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಬರುತ್ತೇನೆ ಅಂದಳು.

ಆಗಸ್ಟ್ ೧೯, ಮಂಗಳವಾರ

ನಿನ್ನೆ ಬರೆಯಲು ಆಗಲಿಲ್ಲ.

ಮಧ್ಯಾಹ್ನ ಎರಡಕ್ಕೆ ಭಜನೆ ಏರಿತು. ಗುಡಿ ತುಂಬಿ ಹೊರಗೂ ಮಂದಿ. ಪುಸ್ತಕ ಬಿಡುಗಡೆಯಾಗಿತ್ತು, ಕೆಲವರು ಅದನ್ನೇ ಬೀಸಣಿಗೆ ಮಾಡಿಕೊಂಡಿದ್ದರು. ನಾನು ಪಡಸಾಲೆಯ ತುದಿಯಲ್ಲಿ, ಮಷಿನ್ ಮುಂದೆ. ಟೆಸ್ಟ್ ಮೈಕ್ ತೊಡೆಯ ಮೇಲೆ, ಟವೆಲ್ ಕೆಳಗೆ. ಅವ್ವ ಕಟ್ಟೆ ಕೆಳಗೆ, ಬೇವಿನ ಮರದ ನೆರಳಿನಾಚೆ ಕೂತಿದ್ದಳು. ಮೇಳದ ಹಿಮ್ಮೇಳಕ್ಕೆ ಹಾಡುವ ನೀಲಗಂಗಮ್ಮ ಅಜ್ಜಿ ಅವಳನ್ನು ಕೂಗಿದಳು.

“ಯಾಕವ್ವಾ ಬಿಸಲಾಗ ಕುಂತಿ? ಒಳಗ ಬಾ, ಜಾಗ ಅದ.”

“ಇಲ್ಲೇ ಛಲೋ ಅದರಿ.”

“ಏನ್ ಛಲೋ, ತಲಿ ಸುಡಾಕತ್ತದ! ಬಾ ಅಂದ್ರ ಬಾ!”

ಅವ್ವ ಬರಲಿಲ್ಲ. ಅಪ್ಪ ನಿಲ್ಲುತ್ತಿದ್ದ ಜಾಗ ಅದು.

ಹಣಮಂತರಾಯ ನನ್ನ ಪದ ಎತ್ತಿದ. ಒಂದು ವಿಷಯ ಬರೆಯಲೇಬೇಕು. ಅವನು ಚೆನ್ನಾಗಿ ಹಾಡಿದ. ‘ಗರ್ಭದೊಳಗ ಬರಲಿಲ್ಲ’ ಅನ್ನುವಾಗ ಕಣ್ಣು ಮುಚ್ಚಿದ್ದ, ದನಿ ಒಡೆಯಿತು. ನಾನು ಬೈದು ಬರೆದ ಸಾಲಿಗೆ ಅವನು ನಿಜವಾಗಿ ಅಳುತ್ತಿದ್ದ. ಅಳಲಿ. ಅದು ಅವನ ಪಾಲಿನದು.

ಕೊನೆಯ ನುಡಿ. ಗಾಳಿ ಬಿಸಲಿಗೆ ತುಕ್ಕ ಹಿಡಿದು. ನನ್ನ ಎರಡೂ ಕೈ ನಾಬಿನ ಮೇಲೆ. ಟವೆಲ್ ಜಾರಿತು. ಬಗ್ಗಿ ಬಾಯಿ ಮೈಕಿನ ಹತ್ತಿರ ತಂದೆ. ಉದುರಿ ಹೋದರೂ ಕೊನೆಗೆ. ತಾಳ ಒಂದು. ಮಸೀದಿಯ ಮುದುಕರ ಹಾಗೆ ಉಸಿರೆಳೆದೆ. ತಾಳ ಎರಡು.

ಎಡಗೈ ಇಳಿಯಿತು, ಬಲಗೈ ಏರಿತು.

“ಮಹಾಗಾಂವ ಗುಂಡಮ್ಮ…”

ಬಲಗೈ ಇಳಿಯಿತು, ಎಡಗೈ ಏರಿತು. ಅವನ ದನಿ ಬಂತು: “…ನುಡಿದ ಮಾತು ಉಳೀತು ಮಂದಿ ಕಿವಿಯೊಳಗೆ.”

ಹೊಲಿಗೆ ಕಾಣಲಿಲ್ಲ. ಹಿಮ್ಮೇಳಕ್ಕೆ ಯೋಚನೆ ಮಾಡುವ ರೂಢಿಯಿಲ್ಲ. ಮುಂದಿನವರು ಹಾಡಿದ ಸಾಲನ್ನು, ಸ್ಪೀಕರಿನಲ್ಲಿ ಕೇಳಿದ ಹಾಗೇ, ಎತ್ತಿ ಹಾಡುವುದಷ್ಟೇ ಅವರ ಕೆಲಸ. ನೀಲಗಂಗಮ್ಮ ಅಜ್ಜಿ ಮೊದಲು, ಆಮೇಲೆ ಹನ್ನೆರಡೂ ಮಂದಿ ಒಟ್ಟಿಗೆ, ತಾಳ ಬಡಿದು ಹಾಡಿದರು:

ಮಹಾಗಾಂವ ಗುಂಡಮ್ಮ ನುಡಿದ ಮಾತು ಉಳೀತು ಮಂದಿ ಕಿವಿಯೊಳಗೆ

ಮೂರು ಸಲ. ಸಾಲು ಮೂರು ಸಲ ತಿರುಗಿಸುವುದು ರೂಢಿ. ಕಂಬದ ಮೇಲಿನ ನಾಲ್ಕು ಭೋಂಗಾ ಅವ್ವನ ಹೆಸರನ್ನು ನಾಲ್ಕು ದಿಕ್ಕಿಗೆ ಎಸೆದವು.

ಹಣಮಂತರಾಯನ ಕೈ ಹಾರ್ಮೋನಿಯಂ ಮೇಲೆ ನಿಂತಿತು. ನನ್ನ ಕಡೆ ನೋಡಿದ. ಎಷ್ಟು ಹೊತ್ತು ನೋಡಿದನೋ. ಅವನೊಂದು ಮಾತು ಆಡಿದ್ದರೆ ಮಂದಿ ನನ್ನನ್ನು ಅಲ್ಲೇ ಹುಗಿಯುತ್ತಿದ್ದರು, ಡಬ್ಬಿಯ ಮೇಲಿನ ಹೆಸರನ್ನೂ ಬಿಡುತ್ತಿರಲಿಲ್ಲ. ಅವನು ನೋಡಿದ. ಆಮೇಲೆ ಕೈ ಆಡಿಸಿ ಮಂಗಳದ ಪದ ಎತ್ತಿದ.

ಭಜನೆ ಮುಗಿದು ವೈರು ಸುತ್ತುವಾಗ ಬಂದ. ಬೀಡಿ ಹಚ್ಚಿರಲಿಲ್ಲ, ಬೆರಳಲ್ಲಿ ಹಿಡಿದಿದ್ದ.

“ನಲವತ್ತು ವರ್ಷ ಹಾಡೀನಿ. ನನ್ನ ಬಾಯಿ ಯಾರೂ ಮುಚ್ಚಿಲ್ಲ.”

“ನೀವು ನಂದು ಮುಚ್ಚಿದ್ರಿ.”

“ಹ್ಞೂಂ.” ಬೀಡಿ ತಿರುಗಿಸಿದ. “ತಾಳ ತಪ್ಪಿದ್ರ ಅಲ್ಲೇ ನಿನ್ನ ಚರ್ಮ ಸುಲೀತಿದ್ದೆ. ತಪ್ಪಲಿಲ್ಲ. ಅದಕ್ಕ ಸುಮ್ಮ ಅದೀನಿ.”

“ಪುಸ್ತಕ?”

“ಪುಸ್ತಕದಾಗ ಹಾಂಗೇ ಇರ್ತದ. ಅದನ್ನ ನಾ ಅಳಸಂಗಿಲ್ಲ.” ಎರಡು ಹೆಜ್ಜೆ ಹೋಗಿ ನಿಂತ. “ಹಾಡೋರು ಯಾವತ್ತರ ಪುಸ್ತಕ ನೋಡ್ಯಾರೇನು?”

ಕ್ಷಮೆ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವನು ಕಳ್ಳನೇ.

ಅವ್ವ ಟೆಂಪೋದಲ್ಲಿ ಕೂತು ಬೈದಳು. “ನನ್ನ ಹೆಸರು ಭೋಂಗಾದಾಗ ಯಾಕೋ ಹಾಕ್ದಿ? ನಾ ಏನ್ ಎಲೆಕ್ಷನ್ನಿಗೆ ನಿಂತೀನೇನು? ಖಾನಾವಳಿಯವ್ರು ಕೇಳಿದ್ರ ಏನ್ ಹೇಳ್ಲಿ?” ಮಹಾಗಾಂವ ದಾಟುವ ತನಕ ಬೈದಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಟೆಂಪೋ ಸಪ್ಪಳದಲ್ಲಿ ಗೊತ್ತಾಗಲಿಲ್ಲ.

ಇವತ್ತು ಅಕ್ರಮ್ ಭಾಯ್ ಮಷಿನ್ ಒರೆಸುತ್ತ ಕೇಳಿದರು. “ದೂಸ್ರಾ ಮೈಕ್ ಯಾಕ ಆನ್ ಅದ?”

“ಟೆಸ್ಟಿಂಗ್ ಭಾಯ್.”

“ಬಂದ್ ಬಿದ್ದಿತ್ತೇನು?”

“ಇಲ್ಲ.”

“ಬಸ್, ಅಷ್ಟು ಸಾಕು,” ಅಂದರು.

ಆಗಸ್ಟ್ ೨೩, ಶನಿವಾರ

ಕಮಲಾಪುರಕ್ಕೆ ಕಂಬ ಬಿಚ್ಚಲು ಹೋಗಿದ್ದೆ. ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ನೀಲಗಂಗಮ್ಮ ಅಜ್ಜಿ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನನ್ನ ಪದ ಹಾಡುತ್ತಿದ್ದಳು. ಕೊನೆಗೆ ಬಂದಾಗ ಹಣಮಂತನೂ ಇಲ್ಲ, ಗುಂಡಮ್ಮನೂ ಇಲ್ಲ. ‘ತವರೂರ ತಾಯಿ ನುಡಿದ’ ಅಂದಳು.

ನಾನು ಬಗ್ಗಿ, “ಅಜ್ಜಿ, ಅಲ್ಲಿ ತಾಳ ಒಂದು ಹಿಂದ ಬರ್ತದ. ಉಸಿರಿಗೆ ಜಾಗ ಬಿಡ್ರಿ,” ಅಂದೆ. ತಾಳ ತೋರಿಸಿಕೊಟ್ಟೆ. ಅವಳು ಮತ್ತೆ ಹಾಡಿದಳು, ಈಗ ಸರಿ ಬಂತು. ಊರು ಬಂತು, ಇಳಿದೆ. ಮನೆಗೆ ಬಂದ ಮೇಲೆ ನೆನಪಾಯಿತು. ಹೆಸರಿನ ಬಗ್ಗೆ ಒಂದು ಮಾತೂ ಆಡಲಿಲ್ಲ ನಾನು. ಬಿಸಿಲಿಗೆ ತಲೆ ಕೆಟ್ಟಿತ್ತೇನೋ.

ಮಸೀದಿಯ ಎರಡು ಸಾಲು, ವಿಹಾರದ ಎರಡು ಸಾಲು ಜೋಡಿಸಿ ಹೊಸ ಪದ ಮಾಡಿದ್ದೇನೆ. ಅವ್ವನಿಗೆ ಓದಿ ತೋರಿಸಿದೆ. ಧಾಟಿ ಅವಳೇ ಹಚ್ಚಿದಳು, ರೊಟ್ಟಿ ಬಡಿಯುತ್ತಲೇ. ಕೊನೆಯ ನುಡಿ ಬರೆದು ಮುಗಿಸಿದೆ. ನಾಳೆ ಅಕ್ಕನಿಗೆ ಒಂದು, ಹಣಮಂತರಾಯನಿಗೆ ಒಂದು ಬರೆದು ಕೊಡಬೇಕು.

ಅಂಕಿತದ ಜಾಗ ಖಾಲಿ ಬಿಟ್ಟಿದ್ದೇನೆ. ಈ ಸಲ ಬೇಕಂತಲೇ.